ಗುಂಪಿಗೆ ಹೋದ ಸಂದೇಶ, ಒಬ್ಬರಿಗೆ ಬಾಕಿ ಉಳಿದ ಮಾತು

ಪ್ರಶ್ನೆ: ನನಗೆ 24 ವರ್ಷ. ಮೊದಲ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಕಳೆದ ಒಂದು ತಿಂಗಳಲ್ಲಿ ಮೂರು ಎಡವಟ್ಟು ಮಾಡಿಕೊಂಡಿದ್ದೇನೆ. ವಿಡಿಯೋ ಸಭೆಯಲ್ಲಿ ಮೈಕ್ ಆಫ್ ಆಗಿದೆಯೆಂದುಕೊಂಡು ತಮ್ಮನನ್ನು ಗದರಿದ್ದು ಎಲ್ಲರಿಗೂ ಕೇಳಿಸಿತು. ಮರುವಾರ ಗ್ರಾಹಕರಿಗೆ ವರದಿಯ ಹಳೆಯ ಪ್ರತಿಯನ್ನು ಕಳಿಸಿಬಿಟ್ಟೆ. ಹಿರಿಯರೊಬ್ಬರು ಗಮನಿಸಿ ಸರಿಪಡಿಸಿದರು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಪಕ್ಕದ ಮೇಜಿನವಳು ಕಚೇರಿಯಲ್ಲಿ ನನಗಿರುವ ಒಬ್ಬಳೇ ಗೆಳತಿ. ಅವಳು ಸಭೆಯಲ್ಲಿ ವಿಷಯ ಮಂಡಿಸುತ್ತಿದ್ದಾಗ "ಇವಳು ಮುಗಿಸುವಷ್ಟರಲ್ಲಿ ನಾನು ನಿವೃತ್ತಳಾಗಿರುತ್ತೇನೆ" ಎಂದು ಕಾಲೇಜಿನ ಸ್ನೇಹಿತೆಗೆ ಬರೆದ ಸಾಲು ನಮ್ಮ ತಂಡದ ಒಂಬತ್ತು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹೋಯಿತು. ನಾಲ್ಕು ನಿಮಿಷದಲ್ಲಿ ಅಳಿಸಿದೆ, ಅಷ್ಟರಲ್ಲಿ ಅವಳೂ ಸೇರಿ ಐದಾರು ಜನ ಓದಿದ್ದರು. ಜನರೆದುರು ಮಾತನಾಡುವುದೆಂದರೆ ಭಯ ಎಂದು ಅವಳು ಹಿಂದೊಮ್ಮೆ ನನ್ನ ಬಳಿ ಹೇಳಿಕೊಂಡಿದ್ದಳು. "ಯಾರಿಗಾದರೂ ಬೇಸರವಾಗಿದ್ದರೆ ಕ್ಷಮಿಸಿ" ಎಂದು ಗುಂಪಿನಲ್ಲಿ ಬರೆದೆ, ಆಮೇಲೆ ಒಬ್ಬೊಬ್ಬರ ಬಳಿಯೂ ಹೋಗಿ ಸಾರಿ ಕೇಳಿದೆ. ಅವಳ ಬಳಿ ಹೋಗುವ ಧೈರ್ಯ ಮಾತ್ರ ಬಂದಿಲ್ಲ. ಅವಳೀಗ ಕೆಲಸದ ಮಾತನ್ನಷ್ಟೇ ಆಡುತ್ತಾಳೆ. ಸಹೋದ್ಯೋಗಿಯೊಬ್ಬರು ಈಗಲೂ ಆ 'ನಿವೃತ್ತಿ'ಯ ಮಾತನ್ನೆತ್ತಿ ನಗುತ್ತಾರೆ. ರಾಜೀನಾಮೆ ಪತ್ರ ಬರೆದು ಡ್ರಾಫ್ಟ್‌ನಲ್ಲಿ ಇಟ್ಟುಕೊಂಡಿದ್ದೇನೆ. ಜನ ಇದನ್ನೆಲ್ಲ ಮರೆಯುತ್ತಾರೆಯೇ? ಸ್ನೇಹ ಉಳಿಯುತ್ತದೆಯೇ? ಸಂದೇಶವನ್ನು ಅಳಿಸಿದ್ದೇ ತಪ್ಪಾಯಿತೇ?

— ಹೆಸರು ಬೇಡ

ಉತ್ತರ: ಮೇಲಿರುವುದು ನಿಮ್ಮ ಪತ್ರದ ಸಂಕ್ಷಿಪ್ತ ರೂಪ. ಮೂಲ ಪತ್ರವನ್ನು ನಾನು ಎರಡು ಸಲ ಓದಿದೆ, ಎರಡನೆಯ ಸಲ ಯಾವ ಘಟನೆಗೆ ನೀವು ಎಷ್ಟು ಜಾಗ ಕೊಟ್ಟಿದ್ದೀರಿ ಎಂಬುದನ್ನಷ್ಟೇ ನೋಡುತ್ತ ಓದಿದೆ. ಮೈಕ್‌ನ ಪ್ರಸಂಗಕ್ಕೆ ಹೆಚ್ಚುಕಡಿಮೆ ಒಂದು ಪುಟ ಮೀಸಲಾಗಿದೆ. ಯಾರು ನಕ್ಕರು, ಯಾರು ತಲೆ ತಗ್ಗಿಸಿದರು, ವ್ಯವಸ್ಥಾಪಕರು ಎಷ್ಟು ಕ್ಷಣ ಸುಮ್ಮನಿದ್ದರು ಎಂಬುದೆಲ್ಲ ಅದರಲ್ಲಿದೆ. ಸಂದೇಶ ಗುಂಪಿಗೆ ಹೋದ ಬಳಿಕ ಇತರರ ಮುಖ ಹೇಗಿತ್ತು ಎಂಬುದಕ್ಕೆ ಇನ್ನೊಂದು ಪುಟ. ಆದರೆ ನಿಮ್ಮ ಗೆಳತಿ ತನ್ನ ಭಯವನ್ನು ನಿಮ್ಮೊಬ್ಬರ ಬಳಿ ಹೇಳಿಕೊಂಡಿದ್ದಳು ಎಂಬ ಸಂಗತಿ ಅರ್ಧ ಸಾಲಿನಲ್ಲಿ, ಅದೂ ಇನ್ನೇನನ್ನೋ ಹೇಳುವ ನಡುವೆ ಬಂದು ಹೋಗುತ್ತದೆ. ನನ್ನ ಪಾಲಿಗೆ ಇಡೀ ಪತ್ರದ ತಿರುಳಿರುವುದು ಆ ಅರ್ಧ ಸಾಲಿನಲ್ಲಿ.

ನೀವು ಮೂರು ಘಟನೆಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ 'ಎಡವಟ್ಟು' ಎಂದು ಕರೆದಿದ್ದೀರಿ. ಮೂರರಲ್ಲೂ ಮುಖ ಬಿಸಿಯಾಗಿದ್ದರಿಂದ, ಭೂಮಿ ಬಾಯಿ ಬಿಡಬಾರದೇ ಎನಿಸಿದ್ದರಿಂದ ಅವು ಒಂದೇ ಜಾತಿಯವೆಂದು ನಿಮಗೆ ತೋರಿರಬೇಕು. ನಮ್ಮ ಭಾಷೆಯಲ್ಲಿ ಈ ಸ್ಥಿತಿಗಳಿಗೆ ಬೇರೆ ಬೇರೆ ಮಾತುಗಳಿವೆ. ನಾಲ್ವರ ನಡುವೆ ಕಾಲು ಜಾರಿದಾಗ ಆಗುವುದು ಮುಜುಗರ. 'ನಾನೇ ಸರಿಯಿಲ್ಲ, ಯಾರಿಗೂ ಮುಖ ತೋರಿಸಲಾರೆ' ಎನಿಸುವುದು ನಾಚಿಕೆ. 'ನಾನು ಮಾಡಿದ ಈ ಕೆಲಸ ಸರಿಯಲ್ಲ, ಇದರಿಂದ ಇಂಥವರಿಗೆ ನೋವಾಗಿದೆ' ಎಂದು ಒಳಗೆ ಚುಚ್ಚುವುದು ತಪ್ಪಿನ ಅರಿವು. ಕೊನೆಯ ಎರಡನ್ನು ಮನೋವಿಶ್ಲೇಷಕಿ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದರು: ನಾಚಿಕೆಯ ಬೆರಳು ಇಡೀ ವ್ಯಕ್ತಿಯ ಕಡೆಗೆ ತೋರುತ್ತದೆ, ತಪ್ಪಿನ ಅರಿವಿನ ಬೆರಳು ಮಾಡಿದ ಕೆಲಸದ ಕಡೆಗೆ. ಮುಂದೆ ಜೂನ್ ಟ್ಯಾಂಗ್ನಿ ಮತ್ತು ಅವರ ಸಹೋದ್ಯೋಗಿಗಳು ಈ ಎರಡು ಭಾವಗಳು ಮನುಷ್ಯರಿಂದ ಏನು ಮಾಡಿಸುತ್ತವೆ ಎಂಬುದನ್ನು ಹಲವು ವರ್ಷ ಅಧ್ಯಯನ ಮಾಡಿದರು. ನಾಚಿಕೆ ಹೆಚ್ಚಾಗಿ ಅಡಗಿಕೊಳ್ಳಲು, ದೂರ ಸರಿಯಲು, ಕೆಲವೊಮ್ಮೆ ಎದುರಿನವರ ಮೇಲೆಯೇ ಸಿಡುಕಲು ಪ್ರೇರೇಪಿಸುತ್ತದೆ. ತಪ್ಪಿನ ಅರಿವು ಒಪ್ಪಿಕೊಳ್ಳಲು, ಸರಿಪಡಿಸಲು ಹೊರಡಿಸುತ್ತದೆ. ನೀವು ಈಗ ಮಾಡುತ್ತಿರುವುದನ್ನು ಈ ಬೆಳಕಿನಲ್ಲಿ ನೋಡಿ. ತಡವಾಗಿ ಕಚೇರಿಗೆ ಹೋಗುವುದು, ಕೂರುವ ಜಾಗ ಬದಲಿಸುವುದು, ರಾಜೀನಾಮೆ ಬರೆದಿಡುವುದು, ಇವೆಲ್ಲ ನಾಚಿಕೆ ಹೇಳಿಕೊಟ್ಟ ದಾರಿಗಳು. ಎಲ್ಲರ ಬಳಿಯೂ ಹೋಗಿ ಕ್ಷಮೆ ಕೇಳಿ ಆಕೆಯೊಬ್ಬಳನ್ನು ಬಿಟ್ಟದ್ದೂ ಅದರದೇ ಕೆಲಸ, ಏಕೆಂದರೆ ಇತರರು 'ಇರಲಿ ಬಿಡಿ' ಎಂದಾಗ ನಿಮ್ಮ ಭಾರ ತುಸು ಇಳಿಯುತ್ತದೆ, ಆಕೆಯ ಎದುರು ನಿಂತರೆ ಇಳಿಯುವ ಖಾತರಿ ಇಲ್ಲ.

ಹಾಗಾಗಿ ಮೂರನ್ನೂ ಬಿಡಿಸಿ ನೋಡೋಣ. ಹಗುರವಾದದ್ದನ್ನು ಮೊದಲು ಮುಗಿಸುತ್ತೇನೆ.

ಮೈಕ್‌ನ ಪ್ರಸಂಗದಿಂದ ಯಾರಿಗೂ ನಷ್ಟವಾಗಿಲ್ಲ. ನಿಮ್ಮ ತಮ್ಮನಿಗೆ ಸ್ವಲ್ಪ ಆಗಿರಬಹುದು, ಅದು ನಿಮ್ಮಿಬ್ಬರ ನಡುವಿನ ವ್ಯವಹಾರ. ಜನ ಇದನ್ನು ಮರೆಯುತ್ತಾರೆಯೇ ಎಂದು ಕೇಳಿದ್ದೀರಿ. ಮರೆಯುವುದಕ್ಕೆ ಮೊದಲು ಅವರು ಗಮನಿಸಿರಬೇಕು, ಮತ್ತು ಇತರರು ನಮ್ಮನ್ನು ಎಷ್ಟು ಗಮನಿಸುತ್ತಾರೆ ಎಂಬ ನಮ್ಮ ಲೆಕ್ಕ ಸಾಮಾನ್ಯವಾಗಿ ತಪ್ಪಾಗಿರುತ್ತದೆ. 2000ನೇ ಇಸವಿಯಲ್ಲಿ ಥಾಮಸ್ ಗಿಲೊವಿಚ್, ವಿಕ್ಟೋರಿಯಾ ಮೆಡ್ವೆಕ್ ಮತ್ತು ಕೆನೆತ್ ಸವಿಟ್ಸ್ಕಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಗಾಯಕ ಬ್ಯಾರಿ ಮ್ಯಾನಿಲೋ ಅವರ ಚಿತ್ರವಿದ್ದ, ತೊಡಲು ಸಂಕೋಚವಾಗುವಂಥ ಟೀ ಶರ್ಟನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಈಗಾಗಲೇ ಕೆಲವರು ಕುಳಿತಿದ್ದ ಕೋಣೆಯೊಳಕ್ಕೆ ಕಳಿಸಿದರು. ಆಮೇಲೆ, ಅಂಗಿಯ ಮೇಲೆ ಯಾರ ಚಿತ್ರವಿತ್ತೆಂದು ಎಷ್ಟು ಜನ ಹೇಳಬಲ್ಲರು ಎಂದು ಆತನನ್ನು ಕೇಳಿದರು. ಅಂಗಿ ತೊಟ್ಟವರ ಅಂದಾಜು ಸುಮಾರು ಅರ್ಧದಷ್ಟು ಜನ ಎಂದಿತ್ತು. ನಿಜವಾಗಿ ಹೇಳಬಲ್ಲವರಾಗಿದ್ದವರು ಸುಮಾರು ಕಾಲುಭಾಗ. ಆ ಅಧ್ಯಯನದ ಕಡಿಮೆ ಪ್ರಸಿದ್ಧವಾದ ಇನ್ನೊಂದು ಭಾಗ ನಿಮಗೆ ಹೆಚ್ಚು ಉಪಯುಕ್ತವಾದೀತು. ಅಂಗಿ ತೊಟ್ಟ ಕೂಡಲೇ ಕೋಣೆಗೆ ಹೋಗದೆ ಸ್ವಲ್ಪ ಹೊತ್ತು ಹೊರಗೇ ಇದ್ದು, ಅದಕ್ಕೆ ಒಗ್ಗಿಕೊಂಡು ಹೋದವರು ತಮ್ಮನ್ನು ಗಮನಿಸಿದವರ ಸಂಖ್ಯೆ ಕಡಿಮೆಯೆಂದೇ ಅಂದಾಜಿಸಿದ್ದರು. ಅಂಗಿ ಅದೇ, ಕೋಣೆಯೂ ಅದೇ, ಬದಲಾದದ್ದು ತೊಟ್ಟವರ ಮನಸ್ಸಿನ ಬಿಸಿ.

ನನ್ನದೇ ಒಂದು ಅನುಭವ ಹೇಳುತ್ತೇನೆ, ವಿಷಯಾಂತರವಲ್ಲ. ಮೊದಲ ಕೆಲಸದಲ್ಲಿದ್ದಾಗ, ತುಂಬಿದ ಸಭೆಯಲ್ಲಿ ನಾನು ಮೇಲಧಿಕಾರಿಯನ್ನು ಬಾಯಿತಪ್ಪಿ 'ಅಪ್ಪಾ' ಎಂದು ಕರೆದಿದ್ದೆ. ಆ ನಗು ವರ್ಷಗಟ್ಟಲೆ ನನ್ನ ಕಿವಿಯಲ್ಲಿತ್ತು. ಬಹಳ ಕಾಲದ ನಂತರ ಅವರು ಸಿಕ್ಕಾಗ ಧೈರ್ಯ ಮಾಡಿ ನೆನಪಿಸಿದೆ. ಅವರಿಗೆ ಅದರ ಸುಳಿವೇ ಇರಲಿಲ್ಲ. ಆದರೆ ನಾನು ಪೂರ್ತಿ ಮರೆತಿದ್ದ ಇನ್ನೊಂದನ್ನು ಅವರು ನೆನಪಿಟ್ಟಿದ್ದರು. ಒಂದು ದಿನ ನಾನು ಕಪಾಟಿನ ಬೀಗದ ಕೈಯನ್ನು ಚೀಲದಲ್ಲಿಟ್ಟುಕೊಂಡೇ ರಜೆಗೆ ಹೋಗಿದ್ದೆನಂತೆ, ದೂರದಿಂದ ಬಂದವರಿಗೆ ಕಾಗದಪತ್ರ ಕೊಡಲಾಗದೆ ಅವರು ಕೈಮುಗಿದು ಕಳಿಸಬೇಕಾಯಿತಂತೆ. "ಒಂದು ಫೋನಾದರೂ ಮಾಡಬಹುದಿತ್ತು" ಎಂದರು, ಅಷ್ಟು ವರ್ಷಗಳ ಮೇಲೂ ಆ ದನಿಯಲ್ಲಿ ಸಣ್ಣ ಕಹಿ ಇತ್ತು. ಜನ ನಮ್ಮ ಮುಜುಗರವನ್ನು ನೆನಪಿಡುವುದಿಲ್ಲ, ಅವರಿಗೆ ಬಿದ್ದ ಹೊರೆಯನ್ನು ನೆನಪಿಡುತ್ತಾರೆ ಎಂದು ಅಂದಿನಿಂದ ನಾನು ನಂಬಿದ್ದೇನೆ.

ಈ ಅಳತೆಗೋಲಿನಲ್ಲಿ ವರದಿಯ ಪ್ರಕರಣ ಮೈಕ್‌ಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತದೆ. ಮನುಷ್ಯರ ತಪ್ಪುಗಳ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಜೇಮ್ಸ್ ರೀಸನ್, ಉದ್ದೇಶ ಸರಿಯಿದ್ದು ಕೈ ಜಾರುವುದು, ಮಾಡಬೇಕಾದದ್ದು ನೆನಪಿನಿಂದ ಜಾರುವುದು, ಯೋಜನೆಯೇ ತಪ್ಪಾಗಿರುವುದು ಎಂದು ಮೂರು ಬಗೆಯನ್ನು ಬಿಡಿಸಿ ತೋರಿಸಿದ್ದಾರೆ. ಹೆಸರು ಒಂದೇ ರೀತಿ ಇರುವ ಎರಡು ಕಡತಗಳಲ್ಲಿ ಹಳೆಯದನ್ನು ಎತ್ತಿಕೊಂಡದ್ದು ಮೊದಲ ಬಗೆಯದು. ಇಂಥ ಜಾರುವಿಕೆ ಹೊಸಬರಿಗಷ್ಟೇ ಸೀಮಿತವಲ್ಲ. ಕೆಲಸ ಕೈಗೆ ಪಳಗಿದಷ್ಟೂ ಕೈ ತಾನೇ ನಡೆಯುತ್ತದೆ, ಮನಸ್ಸು ಬೇರೆಡೆ ಇರುತ್ತದೆ, ಅಲ್ಲಿಯೇ ಅದು ಸಂಭವಿಸುತ್ತದೆ. ಆದ್ದರಿಂದ 'ಇನ್ನು ಮೇಲೆ ಜಾಗ್ರತೆಯಾಗಿರುತ್ತೇನೆ' ಎಂಬ ಪ್ರತಿಜ್ಞೆಯಿಂದ ಹೆಚ್ಚೇನೂ ಆಗದು. ಹಳೆಯ ಪ್ರತಿಗಳನ್ನು ಬೇರೊಂದು ಫೋಲ್ಡರ್‌ಗೆ ಸರಿಸಿಬಿಡಿ, ಕಡತದ ಹೆಸರಿನಲ್ಲಿ ದಿನಾಂಕ ಬರೆಯಿರಿ, ಇಮೇಲ್‌ನಲ್ಲಿ ಕಡತವನ್ನು ಮೊದಲು ಲಗತ್ತಿಸಿ, ಒಮ್ಮೆ ತೆರೆದು ನೋಡಿ, ವಿಳಾಸವನ್ನು ಕಟ್ಟಕಡೆಗೆ ತುಂಬಿ. ಜಿಮೇಲ್ ಬಳಸುವವರಾದರೆ ಕಳಿಸಿದ್ದನ್ನು ಹಿಂದೆಗೆದುಕೊಳ್ಳುವ ಅವಧಿಯನ್ನು ಸೆಟ್ಟಿಂಗ್‌ನಲ್ಲಿ 30 ಸೆಕೆಂಡಿಗೆ ಏರಿಸಿಕೊಳ್ಳಬಹುದು; ಕಳಿಸಿದ ಮರುಕ್ಷಣವೇ 'ಅಯ್ಯೋ' ಎನಿಸುವ ತಪ್ಪುಗಳಿಗೆ ಅಷ್ಟು ಸಮಯ ಸಾಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ತಪ್ಪು ಕಳಿಸಿದ್ದು ನಿಮಗೆ ಯಾವಾಗ ಗೊತ್ತಾಯಿತು? ಮೂಲ ಪತ್ರದಲ್ಲಿ ಅದೇ ಸಂಜೆ ಗೊತ್ತಾಯಿತು, ರಾತ್ರಿಯೆಲ್ಲ ಹೇಳಲೋ ಬೇಡವೋ ಎಂದು ಹೊರಳಾಡಿದೆ, ಬೆಳಿಗ್ಗೆ ಅವರೇ ಕಂಡುಹಿಡಿದರು ಎಂದು ಬರೆದಿದ್ದೀರಿ. ಹಿರಿಯರ ಮುಖ ಗಂಟಿಕ್ಕಿದ್ದರೆ ಅದು ಹಳೆಯ ಪ್ರತಿಗಿಂತ ಹೆಚ್ಚಾಗಿ ಆ ರಾತ್ರಿಯ ಮೌನಕ್ಕೆ ಎಂದು ನನ್ನ ಊಹೆ. ಆಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದಾಗ, ಒಳ್ಳೆಯ ತಂಡಗಳಲ್ಲಿಯೇ ವರದಿಯಾದ ತಪ್ಪುಗಳು ಹೆಚ್ಚು ಎಂಬ ವಿಚಿತ್ರ ಫಲಿತಾಂಶ ಬಂದಿತ್ತು. ಆ ತಂಡದವರು ಹೆಚ್ಚು ಎಡವುತ್ತಿದ್ದರು ಎಂದಲ್ಲ, ಎಡವಿದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದರು ಎಂಬುದು ಅದಕ್ಕೆ ಅವರು ಕೊಟ್ಟ ವಿವರಣೆ. ಆ ಹಿರಿಯರ ಬಳಿ ಎರಡು ನಿಮಿಷ ಕೇಳಿಕೊಂಡು, "ನನಗೆ ಹಿಂದಿನ ಸಂಜೆಯೇ ಗೊತ್ತಾಗಿತ್ತು, ಹೆದರಿ ಹೇಳಲಿಲ್ಲ, ಮುಂದೆ ತಕ್ಷಣ ಹೇಳುತ್ತೇನೆ" ಎಂದುಬಿಡಿ. ಅಲ್ಲಿಗೆ ಆ ಅಧ್ಯಾಯ ಮುಗಿಯಲಿ.

ಈಗ ಸಂದೇಶ. ಇಲ್ಲಿ ನಾನು ಸ್ವಲ್ಪ ನಿಧಾನಿಸಬೇಕು, ನೀವೂ.

ಇದರಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಸಾಲು ತಪ್ಪಾದ ಗುಂಪಿಗೆ ಹೋದದ್ದು ಕೈಜಾರಿದ ತಪ್ಪು. ಹೊಸ ಸಂದೇಶ ಬಂದಂತೆ ಪಟ್ಟಿಯಲ್ಲಿ ಹೆಸರುಗಳು ಮೇಲೆ ಕೆಳಗೆ ಸರಿಯುತ್ತವೆ, ಕಾಲೇಜಿನ ಸ್ನೇಹಿತೆಯ ಹೆಸರಿದ್ದ ಜಾಗಕ್ಕೆ ತಂಡದ ಗುಂಪು ಬಂದು ಕೂರುತ್ತದೆ, ಬೆರಳು ಹಳೆಯ ಜಾಗವನ್ನೇ ಒತ್ತುತ್ತದೆ. ಇದಕ್ಕೆ ಪರಿಹಾರ ಸುಲಭ: ತಂಡದ ಗುಂಪಿಗೆ ಬೇರೆಯದೇ ಹಿನ್ನೆಲೆ ಚಿತ್ರ ಹಾಕಿಕೊಳ್ಳಿ, ತೆರೆದ ಕ್ಷಣವೇ ಕಣ್ಣಿಗೆ ಹೊಡೆಯುವಂಥ ಗಾಢ ಬಣ್ಣದ್ದು, ಸಭೆ ನಡೆಯುವಾಗ ಸಭೆಯಲ್ಲಿರುವವರ ಬಗ್ಗೆ ಏನನ್ನೂ ಬರೆಯಬೇಡಿ. ಸಹೋದ್ಯೋಗಿಗಳ ಬಗ್ಗೆ ಹೊರಗಿನ ಗೆಳತಿಯ ಬಳಿ ಗೊಣಗಿಕೊಳ್ಳುವುದನ್ನು ನಾನು ಅಪರಾಧವೆನ್ನಲಾರೆ, ಅದನ್ನು ಮಾಡದವರು ಅಪರೂಪ. ಆದರೆ ಸಾಲು ಎಲ್ಲಿಗೆ ಹೋಯಿತು ಎಂಬುದನ್ನು ಬಿಟ್ಟು ಸಾಲಿನಲ್ಲಿ ಏನಿತ್ತು ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ.

ಉಳಿದ ಏಳು ಜನರಿಗೆ ಅದು ನಿಧಾನವಾಗಿ ಸಾಗಿದ ಮಂಡನೆಯ ಬಗೆಗಿನ ಒಂದು ಹಾಸ್ಯ. ಆಕೆಗೆ ಹಾಗಲ್ಲ. ಜನರೆದುರು ಮಾತನಾಡುವುದೆಂದರೆ ತನಗೆ ನಡುಕ ಎಂಬುದನ್ನು ಆಕೆ ಕಚೇರಿಯಲ್ಲಿ ಒಬ್ಬರಿಗೆ ಹೇಳಿಕೊಂಡಿದ್ದಳು, ಆ ಒಬ್ಬರು ನೀವು. ಅಂದು ಆಕೆ ಆ ಭಯವನ್ನು ನುಂಗಿಕೊಂಡು ಎದ್ದು ನಿಂತಿದ್ದಳು. ಬಹುಶಃ ಒಂದೊಂದು ವಾಕ್ಯವನ್ನೂ ತೂಗಿ ತೂಗಿ ಆಡುತ್ತಿದ್ದರಿಂದಲೇ ಅದು ನಿಧಾನವಾಗಿತ್ತು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರಾದರೂ ತನ್ನ ಪರವಾಗಿದ್ದಾರೆ ಎಂದು ಆಕೆ ನಂಬಿದ್ದರೆ ನಿಮ್ಮನ್ನೇ ನಂಬಿರಬೇಕು. ಕುಳಿತ ಮೇಲೆ ಫೋನ್ ತೆರೆದು ಓದಿದ ಸಾಲು ನಿಮ್ಮದಾಗಿತ್ತು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹಿಂದೆಗೆದುಕೊಳ್ಳಲಾಗದ ಮಾತಿನ ಬಗ್ಗೆ ಬಳಸುತ್ತೇವೆ. ಇಲ್ಲಿ ಒಡೆದದ್ದು ನಿಮ್ಮ ಮಾತಿಗಿಂತ ಹೆಚ್ಚಾಗಿ, ಆಕೆ ನಿಮ್ಮಲ್ಲಿ ಇಟ್ಟಿದ್ದ ಮಾತು. ನೀವು ಬೇಕೆಂದೇ ಹೀಗೆ ಮಾಡಿಲ್ಲ ಎಂಬುದು ನನಗೆ ಗೊತ್ತು. ಬರೆಯುವಾಗ ಆಕೆಯ ಭಯ ನಿಮಗೆ ನೆನಪೇ ಆಗದಿರುವುದು ಸಾಧ್ಯ. ಆದರೆ ಆಕೆಗೆ ಇದನ್ನು ತಿಳಿಯಲು ದಾರಿಯಿಲ್ಲ, ಏಕೆಂದರೆ ಯಾರೂ ಹೇಳಿಲ್ಲ.

ಗುಂಪಿನಲ್ಲಿ ನೀವು ಬರೆದ ಕ್ಷಮಾಪಣೆಯನ್ನು ಈಗ ಒಮ್ಮೆ ಹತ್ತಿರದಿಂದ ನೋಡಿ: "ಯಾರಿಗಾದರೂ ಬೇಸರವಾಗಿದ್ದರೆ ಕ್ಷಮಿಸಿ." ಮೂರೇ ಪದಗಳು, ಅವುಗಳಲ್ಲಿ ಎರಡು ಕೈಕೊಟ್ಟಿವೆ. 'ಯಾರಿಗಾದರೂ' ಎಂದಾಗ ನೋವಾದ ಒಬ್ಬಳು ಒಂಬತ್ತು ಜನರಲ್ಲಿ ಕರಗಿಹೋದಳು. 'ಬೇಸರವಾಗಿದ್ದರೆ' ಎಂಬುದರ ಕೊನೆಯ 'ರೆ' ಆಕೆಯ ನೋವನ್ನೇ ಸಂದೇಹಕ್ಕೆ ಒಡ್ಡಿತು. ಆಗಿರಬಹುದು, ಆಗದೆಯೂ ಇರಬಹುದು, ಆಗಿದ್ದರೆ ಮಾತ್ರ ಈ ಕ್ಷಮೆ ನಿಮಗೆ ಸಲ್ಲುತ್ತದೆ ಎಂಬ ಸರ್ಕಾರಿ ಸುತ್ತೋಲೆಯ ಧಾಟಿ ಅದಕ್ಕೆ ಬಂದಿದೆ. ನಿಮಗೆ ಆ ಧಾಟಿ ಕೇಳಿಸಿರಲಿಕ್ಕಿಲ್ಲ, ಬರೆದವರಿಗೆ ತಮ್ಮ ಬರಹದಲ್ಲಿ ತಮ್ಮ ಮನಸ್ಸಿನ ದನಿಯೇ ಕೇಳಿಸುತ್ತಿರುತ್ತದೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದನ್ನು ಓದುಗರು 78 ಪ್ರತಿಶತ ಸಲ ಸರಿಯಾಗಿ ಗುರುತಿಸುತ್ತಾರೆ ಎಂದು ಇಮೇಲ್ ಬರೆದವರು ಭಾವಿಸಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು 56 ಪ್ರತಿಶತ ಮಾತ್ರ, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸು ಮೇಲು. ಆದ್ದರಿಂದ ಈ ಸಲದ ಮಾತು ಬರಹದಲ್ಲಿ ಬೇಡ, ಧ್ವನಿ ಸಂದೇಶದಲ್ಲೂ ಬೇಡ. ಎದುರಿಗೆ ಕುಳಿತು ಆಡಿ.

ಹೇಗೆ ಆಡಬೇಕು ಎಂಬುದಕ್ಕೆ ಸ್ವಲ್ಪ ಆಧಾರವಿದೆ. ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಕ್ಷಮಾಪಣೆಯನ್ನು ಆರು ಅಂಗಗಳಾಗಿ ಬಿಡಿಸಿ ಯಾವುದು ಹೆಚ್ಚು ಪರಿಣಾಮಕಾರಿ ಎಂದು ಪರೀಕ್ಷಿಸಿದರು. ವಿಷಾದ, ವಿವರಣೆ, ಹೊಣೆಯ ಒಪ್ಪಿಗೆ, ಮತ್ತೆ ಹಾಗೆ ಮಾಡುವುದಿಲ್ಲವೆಂಬ ಭರವಸೆ, ಸರಿಪಡಿಸುವ ಮಾತು, ಕ್ಷಮೆಯ ಬೇಡಿಕೆ ಇವೇ ಆ ಆರು. ಎಲ್ಲಕ್ಕಿಂತ ತೂಕ ಪಡೆದದ್ದು 'ತಪ್ಪು ನನ್ನದು' ಎಂಬ ಒಪ್ಪಿಗೆ, ಅದರ ನಂತರದ್ದು ಸರಿಪಡಿಸುವ ಮಾತು. ಕೊನೆಯಲ್ಲಿ ಉಳಿದದ್ದು 'ಕ್ಷಮಿಸು' ಎಂಬ ಬೇಡಿಕೆ. ನನ್ನ ಬಳಿ ಬರುವವರಲ್ಲಿಯೂ ನಾನು ಇದನ್ನೇ ಕಂಡಿದ್ದೇನೆ. 'ಕ್ಷಮಿಸು, ಕ್ಷಮಿಸು' ಎಂದು ಅಳುತ್ತ ನಿಂತರೆ ನೊಂದವರೇ ಸಮಾಧಾನ ಹೇಳಬೇಕಾದ ಪರಿಸ್ಥಿತಿ ಬರುತ್ತದೆ, ಅದು ಎರಡನೆಯ ಹೊರೆ.

ಆಕೆಯನ್ನು ಹಠಾತ್ತನೆ ತಡೆದು ನಿಲ್ಲಿಸಬೇಡಿ. "ನಿನ್ನ ಹತ್ತಿರ ಹತ್ತು ನಿಮಿಷ ಮಾತನಾಡಬೇಕು, ಆ ಸಂದೇಶದ ವಿಷಯ. ಇವತ್ತೇ ಆಗಬೇಕೆಂದಿಲ್ಲ, ನಿನಗೆ ಯಾವಾಗ ಅನುಕೂಲವೋ ಹೇಳು" ಎಂದು ಕೇಳಿ, ವಿಷಯ ಏನೆಂಬುದು ಮೊದಲೇ ಗೊತ್ತಿದ್ದರೆ ಆಕೆಗೂ ಮನಸ್ಸನ್ನು ಸಜ್ಜುಗೊಳಿಸಿಕೊಳ್ಳಲು ಆಗುತ್ತದೆ. ಉಳಿದವರ ಕಣ್ಣಿಗೆ ಬೀಳದ ಜಾಗವಿರಲಿ. ಆಮೇಲೆ ಹೇಳಬೇಕಾದದ್ದು ನಾಲ್ಕೈದು ವಾಕ್ಯ: "ಅಂದು ನಾನು ಬರೆದದ್ದು ನಿನ್ನ ಬಗ್ಗೆಯೇ. ಜನರ ಮುಂದೆ ಮಾತನಾಡಲು ನಿನಗೆ ಎಷ್ಟು ಕಷ್ಟವೆಂದು ನೀನು ನನ್ನನ್ನು ನಂಬಿ ಹೇಳಿದ್ದೆ, ಅದು ಗೊತ್ತಿದ್ದೂ ನಾನು ಅದನ್ನೇ ನಗೆಯ ವಸ್ತು ಮಾಡಿದೆ. ತಪ್ಪು ಗುಂಪಿಗೆ ಹೋದದ್ದು ಕೈತಪ್ಪು, ಬರೆದದ್ದು ನನ್ನ ತಪ್ಪು. ಗುಂಪಿನಲ್ಲಿ ಎಲ್ಲರಿಗೂ ಸೇರಿಸಿ ಸಾರಿ ಹೇಳಿ, ನಿನ್ನ ಬಳಿ ಬರಲು ಇಷ್ಟು ದಿನ ಮಾಡಿದ್ದೂ ತಪ್ಪು." ಈ ಮಾತುಗಳನ್ನು ಬಾಯಿಪಾಠ ಮಾಡಬೇಕಿಲ್ಲ, ನಿಮ್ಮ ಮಾತಿನಲ್ಲಿ ಹೇಳಿ, 'ತಮಾಷೆಗೆ', 'ಸುಮ್ಮನೆ', 'ಅಷ್ಟೊಂದು ಯೋಚಿಸಲಿಲ್ಲ' ಎಂಬ ಮೂರು ನುಡಿಗಟ್ಟುಗಳನ್ನು ಮಾತ್ರ ಹೊರಗಿಡಿ. ಹೇಳಿದ ಮೇಲೆ ಸುಮ್ಮನಾಗಿ. ಆ ಮೌನವನ್ನು ತುಂಬುವ ಆತುರ ನಿಮಗೆ ಬಹಳ ಆಗುತ್ತದೆ, ತುಂಬಬೇಡಿ.

ಸರಿಪಡಿಸುವುದು ಎಂದರೆ ಉಡುಗೊರೆ ತರುವುದಲ್ಲ, ಮುಂದಿನ ಸಭೆಯಲ್ಲಿ ಆಕೆಯ ಮಂಡನೆಯನ್ನು ಎದ್ದು ನಿಂತು ಹೊಗಳುವುದಂತೂ ಅಲ್ಲವೇ ಅಲ್ಲ. ಅದರಿಂದ ಎಲ್ಲರಿಗೂ ಹಳೆಯದು ನೆನಪಾಗುತ್ತದೆ. ನಿಮ್ಮಿಂದ ಮಾತ್ರ ಸಾಧ್ಯವಾಗುವ ಕೆಲಸವೊಂದಿದೆ. ಆ ಸಹೋದ್ಯೋಗಿ ಮತ್ತೆ 'ನಿವೃತ್ತಿ'ಯ ಮಾತೆತ್ತಿ ನಕ್ಕಾಗ, ಇಷ್ಟು ದಿನ ನೀವು ನಾಚಿಕೆಯಿಂದ ತಲೆ ತಗ್ಗಿಸಿದ್ದೀರಿ. ಅವರು ನಿಮ್ಮನ್ನು ಚುಡಾಯಿಸುತ್ತಿದ್ದಾರೆ ಎಂದು ನಿಮಗೆ ಅನಿಸಿರಬಹುದು, ಆದರೆ ಪ್ರತಿಸಲ ಪೆಟ್ಟು ಬೀಳುತ್ತಿರುವುದು ಪಕ್ಕದ ಮೇಜಿನ ಮೇಲೆ. ಮುಂದಿನ ಸಲ ದನಿ ಏರಿಸದೆ, ನಗದೆ, "ಆ ಮಾತು ನಾನು ಆಡಿದ್ದೇ ತಪ್ಪು, ದಯವಿಟ್ಟು ಅದನ್ನು ಇಲ್ಲಿಗೆ ನಿಲ್ಲಿಸೋಣ" ಎಂದುಬಿಡಿ. ಹುಟ್ಟಿಸಿದವರೇ ಬೇಡವೆಂದಾಗ ಹಾಸ್ಯಕ್ಕೆ ಹೆಚ್ಚು ಕಾಲ ಉಸಿರಿರುವುದಿಲ್ಲ. ಇದನ್ನು ಆಕೆ ಇರುವಾಗಲೇ ಹೇಳಬೇಕೆಂದಿಲ್ಲ, ಇಲ್ಲದಿರುವಾಗಲೂ ಹೇಳಿ.

ಅಂತರ್ಜಾಲದಲ್ಲಿ ಓಡಾಡುವ ಒಂದು ಸಮಾಧಾನದ ಬಗ್ಗೆಯೂ ಎಚ್ಚರಿಸಬೇಕು. ಎಡವುವವರು ಜನರಿಗೆ ಇನ್ನಷ್ಟು ಪ್ರಿಯರಾಗುತ್ತಾರೆ, ಹಾಗಾಗಿ ಚಿಂತಿಸಬೇಡಿ ಎಂದು ಕೆಲವರು ನಿಮಗೆ ಹೇಳಬಹುದು. ಅದರ ಮೂಲ ಎಲಿಯಟ್ ಆರನ್‌ಸನ್ ಮತ್ತು ಸಂಗಡಿಗರ 1966ರ ಪ್ರಯೋಗ. ಅದರಲ್ಲಿ ರಸಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದ ವ್ಯಕ್ತಿ ಕಾಫಿ ಚೆಲ್ಲಿಕೊಂಡಾಗ ಕೇಳುಗರಿಗೆ ಹೆಚ್ಚು ಇಷ್ಟವಾದ, ಸಾಧಾರಣವಾಗಿ ಉತ್ತರಿಸಿದವನು ಚೆಲ್ಲಿಕೊಂಡಾಗ ಇನ್ನಷ್ಟು ಕಡಿಮೆ ಇಷ್ಟವಾದ. ಷರತ್ತು ಅಷ್ಟೇ ಅಲ್ಲ, ಇಬ್ಬರೂ ಕಾಫಿ ಚೆಲ್ಲಿಕೊಂಡದ್ದು ತಮ್ಮ ಬಟ್ಟೆಯ ಮೇಲೆ. ಮೈಕ್‌ನ ಪ್ರಸಂಗಕ್ಕೆ ಬೇಕಾದರೆ ಈ ಸಮಾಧಾನವನ್ನು ಇಟ್ಟುಕೊಳ್ಳಿ.

ಸ್ನೇಹ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಪಕ್ಕಪಕ್ಕದ ಮೇಜಿನಲ್ಲಿ ಏಳು ತಿಂಗಳು ಕುಳಿತವರು ಗೆಳೆತನ ಗಟ್ಟಿಯಾಗಿದೆ ಎಂದುಕೊಳ್ಳುವುದು ಸಹಜ. ಆದರೆ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನವೆನ್ನಲು ಸುಮಾರು 90 ಗಂಟೆ, ಆಪ್ತತೆಗೆ 200 ಗಂಟೆಗೂ ಹೆಚ್ಚು ಒಡನಾಟ ಬೇಕು, ಮತ್ತು ಜೊತೆಯಲ್ಲಿ ಕೆಲಸ ಮಾಡಿದ ಗಂಟೆಗಳು ಈ ಲೆಕ್ಕಕ್ಕೆ ಅಷ್ಟಾಗಿ ಒದಗುವುದಿಲ್ಲ. ಮೇಜು ಪಕ್ಕದಲ್ಲಿದ್ದ ಮಾತ್ರಕ್ಕೆ ಗೆಳೆತನ ಬೆಳೆಯದು, ಕೆಲಸದಾಚೆಯ ಮಾತುಗಳಿಂದ ಬೆಳೆಯುತ್ತದೆ. ನಿಮ್ಮಿಬ್ಬರ ನಡುವೆ ಅಂಥ ಮಾತು ಹೆಚ್ಚು ನಡೆದದ್ದು ಆಕೆ ತನ್ನ ಭಯವನ್ನು ಹೇಳಿಕೊಂಡ ಆ ದಿನ ಎಂದು ನಿಮ್ಮ ಪತ್ರದಿಂದ ನನಗೆ ತೋರುತ್ತದೆ. ಗೆಳೆತನ ಆಗತಾನೇ ಬೇರು ಬಿಡುತ್ತಿತ್ತು, ಆದ್ದರಿಂದ ಆಕೆ ಹಿಂದೆ ಸರಿದರೆ ಅದನ್ನು ಕ್ರೌರ್ಯವೆಂದು ಬಗೆಯಬೇಡಿ.

ನೀವು ಮಾತನಾಡಿ ಬಂದ ದಿನ ನಿಮಗೆ ಎಲ್ಲ ಮುಗಿಯಿತು ಎನಿಸುತ್ತದೆ. ಆಕೆಗೆ ಹಾಗೆ ಅನಿಸದಿರುವ ಸಂಭವವೇ ಹೆಚ್ಚು. 1990ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು, ತಾವು ಇನ್ನೊಬ್ಬರನ್ನು ಕೆರಳಿಸಿದ ಒಂದು ಪ್ರಸಂಗವನ್ನೂ ಇನ್ನೊಬ್ಬರು ತಮ್ಮನ್ನು ಕೆರಳಿಸಿದ ಒಂದು ಪ್ರಸಂಗವನ್ನೂ ಬರೆಯುವಂತೆ ಜನರನ್ನು ಕೇಳಿದರು. ಅದೇ ಜನ, ಎರಡು ಬಗೆಯ ಕತೆ. ತಾವು ತಪ್ಪು ಮಾಡಿದ ಕತೆಯಲ್ಲಿ ಕಾರಣಗಳಿದ್ದವು, ಅದು ಅಲ್ಲಿಗೇ ಮುಗಿದುಹೋದ ಘಟನೆಯಾಗಿತ್ತು. ತಾವು ನೊಂದ ಕತೆಯಲ್ಲಿ ಎದುರಿನವರ ವರ್ತನೆ ಅರ್ಥಹೀನವಾಗಿತ್ತು, ಅದರ ಪರಿಣಾಮ ಬಹಳ ಕಾಲ ಉಳಿದಿತ್ತು. ನೊಂದವರ ಗಡಿಯಾರ ನಿಧಾನ. ಆದ್ದರಿಂದ ಮರುದಿನ ಆಕೆ ಮೊದಲಿನಂತೆ ನಗಲಿಲ್ಲವೆಂದು ಮತ್ತೊಮ್ಮೆ ಕ್ಷಮೆ ಕೇಳಲು ಹೋಗಬೇಡಿ. ಒಂದು ಸಲ ಪೂರ್ತಿಯಾಗಿ ಹೇಳಿ, ಆಮೇಲೆ ಕೆಲಸದ ಮಾತನ್ನು ಸಹಜವಾಗಿ ಆಡಿ, ಊಟಕ್ಕೆ ಹೊರಟಾಗ ಒಂದೆರಡು ಸಲ ಕರೆಯಿರಿ, ಬರುವುದಿಲ್ಲವೆಂದರೆ ಕಾರಣ ಕೇಳಬೇಡಿ. ಆಕೆ ಮತ್ತೆ ಯಾವತ್ತೂ ಮನಸ್ಸಿನ ಮಾತನ್ನು ನಿಮ್ಮ ಬಳಿ ಹೇಳದಿರಬಹುದು. ಅದು ಆಕೆಯ ಹಕ್ಕು.

ರಾಜೀನಾಮೆಯ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಈ ಮೂರು ಘಟನೆಗಳು ನಡೆಯದೇ ಇದ್ದಿದ್ದರೆ ಈ ತಿಂಗಳು ಕೆಲಸ ಬಿಡುವ ಯೋಚನೆ ಬರುತ್ತಿತ್ತೇ ಎಂದು ಕೇಳಿಕೊಳ್ಳಿ. ಬರುತ್ತಿರಲಿಲ್ಲವಾದರೆ ಆ ಪತ್ರ ಬರೆದದ್ದು ನಾಚಿಕೆ, ನೀವಲ್ಲ. ಡ್ರಾಫ್ಟ್ ಅಲ್ಲೇ ಇರಲಿ, ಅಳಿಸುವ ಅಗತ್ಯವಿಲ್ಲ, ಆಕೆಯೊಡನೆ ಮಾತನಾಡಿ ಒಂದು ತಿಂಗಳಾದ ಮೇಲೆ ಮತ್ತೆ ತೆರೆದು ಓದಿ. ಈ ನಡುವೆ ನಿದ್ದೆ, ಹಸಿವು ಎರಡು ವಾರಕ್ಕೂ ಮೀರಿ ಕೆಟ್ಟರೆ, ಅಥವಾ ಯಾವುದರಲ್ಲೂ ಮನಸ್ಸು ನಿಲ್ಲದಂತಾದರೆ, ಪತ್ರದ ಉತ್ತರಕ್ಕಾಗಿ ಕಾಯದೆ ಹತ್ತಿರದ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೇರವಾಗಿ ಕಾಣಿ.

ಉಳಿದದ್ದು ಸಂದೇಶ ಅಳಿಸಿದ್ದು ತಪ್ಪೇ ಎಂಬ ಪ್ರಶ್ನೆ. ತಪ್ಪಲ್ಲ; ಇನ್ನೂ ಇಬ್ಬರು ಮೂವರು ಓದುವುದು ತಪ್ಪಿತು. ಅಳಿಸಿದರೂ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಅಲ್ಲಿ ಉಳಿಯುತ್ತದೆ, ಓದಿದವರ ನೆನಪಿನಲ್ಲಿ ಮೂಲ ಸಾಲೂ ಉಳಿಯುತ್ತದೆ, ಮತ್ತು ದಿನಗಳು ಕಳೆದಂತೆ ಅದು ಅವರವರ ಬಾಯಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ಹಾಗಾಗಿ ಎದುರಿಗೆ ಕುಳಿತಾಗ "ನೀನು ನಿಜವಾಗಿ ಬರೆದದ್ದು ಏನು?" ಎಂದು ಆಕೆ ಕೇಳಿದರೆ, ಮೆತ್ತಗೆ ಮಾಡದೆ, ಒಂದು ಪದವನ್ನೂ ಬಿಡದೆ, ಆ ಸಾಲನ್ನು ಇದ್ದ ಹಾಗೆಯೇ ಹೇಳಿ.